ಕಿಲ್ಟ್ ಹಾಕಿರುವ ಈ ಸೈನಿಕ ಯಾವ ಪಲ್ಟನ್ನಿನವನು? 1914ರ ಸುತ್ತಿನ ಫೋಟೊ, ಗೊತ್ತಿದ್ದವರು ಹೇಳಿ

ದಾವಣಗೆರೆ_ಡಂಡೀ

ಎಲ್ಲರಿಗೂ ನಮಸ್ಕಾರ. ನಾನು ಸ್ಕಾಟ್ಲೆಂಡಿನ ಡಂಡೀ ಊರಿನಲ್ಲಿ ಕೆಲಸದಲ್ಲಿದ್ದೇನೆ. ಪಕ್ಕದ ಮನೆಯಲ್ಲಿ ವಯಸ್ಸಾದ ಅಜ್ಜಿ ಒಬ್ಬರಿದ್ದಾರೆ. ಅವರ ಮನೆಯ ಹಳೇ ಆಲ್ಬಮ್ ಸ್ಕ್ಯಾನ್ ಮಾಡಿಕೊಡುತ್ತಿದ್ದೇನೆ. ಅವರ ಅಜ್ಜ ಮೊದಲ ಮಹಾಯುದ್ಧದಲ್ಲಿ ಇದ್ದವರಂತೆ. ಹೆಸರು, ನಂಬರು ಏನೂ ಬರೆದಿಟ್ಟಿಲ್ಲ. "ನಮ್ಮದು ಗೋರ್ಡನ್ ಕುಲ, ಹಾಗಾಗಿ ಅಜ್ಜ ಗೋರ್ಡನ್ ಹೈಲ್ಯಾಂಡರ್ಸ್ ಪಲ್ಟನ್ನಿನಲ್ಲಿ ಇದ್ದರು" ಅಂತ ಮನೆಯವರೆಲ್ಲ ನಂಬಿದ್ದಾರೆ.

ಫೋಟೊ 1: ಸ್ಟುಡಿಯೊದಲ್ಲಿ ತೆಗೆದದ್ದು. ಖಾಕಿ ಕೋಟು, ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರು ಉಡುವ ನೆರಿಗೆ ಲಂಗ). ಸೊಂಟದ ಮುಂದೆ ಬಿಳಿ ಕೂದಲಿನ ಚೀಲ, ಅದಕ್ಕೆ ಉದ್ದನೆಯ ಎರಡು ಕಪ್ಪು ಗೊಂಡೆ. ದೋಣಿ ಆಕಾರದ ಟೋಪಿ, ಅಂಚಿಗೆ ಚೌಕಳಿ ಪಟ್ಟಿ. ಬಿಲ್ಲೆಯಲ್ಲಿ ಜಿಂಕೆ ತಲೆ ಇರುವ ಹಾಗಿದೆ. ಕಾಲುಚೀಲ ಕಪ್ಪು ಬಿಳಿ ಚೌಕಳಿ. ಹಿಂದೆ ಬೆಡ್‌ಫರ್ಡ್ ಊರಿನ ಸ್ಟುಡಿಯೊ ಮುದ್ರೆ.

ಫೋಟೊ 2: ಬಯಲು, ಕೆಸರು. ಅದೇ ಮನುಷ್ಯನ ತರ ಕಾಣುತ್ತಾನೆ. ಪಕ್ಕದಲ್ಲಿ ಅಗಲ ಟೋಪಿಯ ಇನ್ನೊಬ್ಬ ಸೈನಿಕ. ಭಾರತದವನು ಅಂತ ನನ್ನ ಊಹೆ.

ಫೋಟೊ 3: ಮತ್ತೆ ಸ್ಟುಡಿಯೊ. ವಯಸ್ಸು ಸ್ವಲ್ಪ ಜಾಸ್ತಿ ಆದ ಹಾಗಿದೆ. ಎರಡೂ ತೋಳಿನ ಕೆಳಗೆ ಏನೇನೋ ಗುರುತುಗಳು.

ಫೋಟೊ 4: ಇದೇ ಸಮವಸ್ತ್ರದಲ್ಲಿ ಒಬ್ಬ ಹುಡುಗಿ!

ಕಿಲ್ಟಿನ ಬಟ್ಟೆ ನೋಡಿದರೆ ರೆಜಿಮೆಂಟ್ ಹೇಳಬಹುದು ಅಂತ ಕೇಳಿದ್ದೇನೆ. ಕಪ್ಪು ಬಿಳುಪಿನಲ್ಲಿ ಅದು ಹೇಗೆ ಸಾಧ್ಯ?

ಮಡಿಕೇರಿ_ನಿವೃತ್ತ

ಒಳ್ಳೆ ಫೋಟೊಗಳು. ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳಿ. ಟಾರ್ಟನ್ ಅಂದರೆ ಕಿಲ್ಟಿನ ಚೌಕಳಿ ಬಟ್ಟೆ. ಕುಲದ ಟಾರ್ಟನ್ ಬೇರೆ, ಪಲ್ಟನ್ನಿನ ಟಾರ್ಟನ್ ಬೇರೆ. ಸೈನ್ಯ ಸೇರಿದವನಿಗೆ ಅವನ ಮನೆತನ ನೋಡಿ ಬಟ್ಟೆ ಕೊಡುತ್ತಿರಲಿಲ್ಲ. ಯಾವ ಪಲ್ಟನ್ನಿಗೆ ಹಾಕಿದರೋ ಅದರ ಬಟ್ಟೆ. ಗೋರ್ಡನ್ ಹೆಸರಿನವನು ಬ್ಲ್ಯಾಕ್ ವಾಚ್ ಅನ್ನುವ ಇನ್ನೊಂದು ಪಲ್ಟನ್ನಿನಲ್ಲಿ ಇರಬಹುದು. ಸ್ಕಾಟ್ಲೆಂಡನ್ನೇ ನೋಡದ ಇಂಗ್ಲಿಷಿನವನು ಗೋರ್ಡನ್ ಕಿಲ್ಟ್ ಹಾಕಿರಬಹುದು. ಯುದ್ಧ ಮುಂದುವರಿದ ಹಾಗೆ ಇದು ತುಂಬಾ ಆಯಿತು, ಯಾಕೆಂದರೆ ಎಲ್ಲಿ ಜನ ಕಮ್ಮಿಯೋ ಅಲ್ಲಿಗೆ ಕಳಿಸುತ್ತಿದ್ದರು.

ಇನ್ನು ಬಟ್ಟೆ. 1746ರಲ್ಲಿ ಬ್ರಿಟಿಷ್ ಸರ್ಕಾರ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡು) ಉಡುಪನ್ನೇ ನಿಷೇಧ ಮಾಡಿತ್ತು. 1782ರವರೆಗೆ ಆ ಕಾನೂನು ಇತ್ತು. ಸೈನ್ಯದವರಿಗೆ ವಿನಾಯಿತಿ ಇತ್ತು. ಆಗ ಸೈನ್ಯದಲ್ಲಿ ನಡೆದದ್ದು ಕಡು ನೀಲಿ, ಹಸಿರು, ಕಪ್ಪಿನ ಒಂದು ಚೌಕಳಿ. ಅದಕ್ಕೆ ಸರ್ಕಾರಿ ಟಾರ್ಟನ್ ಅಂತಲೇ ಹೆಸರು. ಬ್ಲ್ಯಾಕ್ ವಾಚ್‌ನವರು ಅದನ್ನೇ ಹಾಕಿದರು. ಅದರ ಮೇಲೆ ಒಂದು ಹಳದಿ ಗೆರೆ ಎಳೆದರೆ ಗೋರ್ಡನ್ ಹೈಲ್ಯಾಂಡರ್ಸ್. ಬಿಳಿ ಗೆರೆ, ಕೆಂಪು ಗೆರೆ ಎರಡೂ ಸೇರಿಸಿದರೆ ಮೆಕೆಂಝಿ, ಅದು ಸೀಫೋರ್ತ್ ಹೈಲ್ಯಾಂಡರ್ಸ್‌ನವರದು. ಆರ್ಗೈಲ್ ಅಂಡ್ ಸದರ್ಲೆಂಡ್‌ನವರದು ಅದೇ ಸರ್ಕಾರಿ ಚೌಕಳಿ, ಬಣ್ಣ ಸ್ವಲ್ಪ ತಿಳಿ. ಈ ಗುಂಪಿಗೆ ಸೇರದೆ ಬೇರೆಯಾಗಿ ನಿಲ್ಲುವುದು ಕ್ಯಾಮರನ್ ಹೈಲ್ಯಾಂಡರ್ಸ್, ಅದರಲ್ಲಿ ಕೆಂಪು ಜಾಸ್ತಿ.

ಅಂದರೆ ಐದರಲ್ಲಿ ನಾಲ್ಕು ಪಲ್ಟನ್ನಿನ ಬಟ್ಟೆ ಹುಟ್ಟಿದ್ದು ಒಂದೇ ಚೌಕಳಿಯಿಂದ. ವ್ಯತ್ಯಾಸ ಒಂದೆರಡು ತೆಳು ಗೆರೆ ಅಷ್ಟೇ. ಅದಕ್ಕೇ ನಾನು ಟಾರ್ಟನ್ ಕೊನೆಗೆ ನೋಡುತ್ತೇನೆ. ಮೊದಲು ಟೋಪಿ ಬಿಲ್ಲೆ, ಆಮೇಲೆ ಭುಜ, ಆಮೇಲೆ ಸೊಂಟದ ಚೀಲ.

ಸುಮ್ನೆ ಒಂದು ಮಾತು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು 1926ರಲ್ಲಿ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆ ಮುಗಿಸಿದ ಮೇಲೆ ಮೊದಲು ಇದ್ದದ್ದು ಹೈಲ್ಯಾಂಡ್ ಲೈಟ್ ಇನ್‌ಫಂಟ್ರಿ ಜೊತೆ. ಆ ಪಲ್ಟನ್ನಿಗೂ ಮೆಕೆಂಝಿ ಟಾರ್ಟನ್ನೇ. ಆದರೆ ಆಗ ಅವರಿಗೆ ಕಿಲ್ಟ್ ಇರಲಿಲ್ಲ, ಆ ಬಟ್ಟೆಯ ಪ್ಯಾಂಟು. ಅದನ್ನು ಟ್ರೂಸ್ ಅನ್ನುತ್ತಾರೆ.

ಬಣ್ಣದ_ಬುಗುರಿ

ಇಷ್ಟೆಲ್ಲಾ ಯಾಕೆ ಗುರು? ಫೋಟೊ 1 ಅನ್ನು ಬಣ್ಣ ತುಂಬುವ ಆ್ಯಪ್‌ಗೆ ಹಾಕಿದೆ. ಎರಡು ನಿಮಿಷ ಆಗಲಿಲ್ಲ. ಕಿಲ್ಟ್ ಹಸಿರು ಬಂತು, ಗೆರೆ ಹಳದಿ ಬಂತು. ಗೋರ್ಡನ್ ಅಂತ ಅಜ್ಜಿ ಹೇಳಿದ್ದು ಸರಿಯಾಗಿಯೇ ಇದೆ. ಚಿತ್ರ ಕೆಳಗೆ ಹಾಕಿದ್ದೇನೆ ನೋಡಿ.

ಕೆಂಪುದೀಪ_ಮೈಸೂರು

ಬುಗುರಿ ಅವರೇ, ಚಿತ್ರ ಚೆನ್ನಾಗಿದೆ. ಗೋಡೆಗೆ ಹಾಕಿಕೊಳ್ಳಬಹುದು. ಸಾಕ್ಷಿಯಾಗಿ ಮಾತ್ರ ಬೇಡ. ಆ ಆ್ಯಪ್ ಬಣ್ಣವನ್ನು ಫೋಟೊದಿಂದ ತೆಗೆದಿಲ್ಲ. ಇಂಥ ಬಟ್ಟೆಗೆ ಸಾಮಾನ್ಯವಾಗಿ ಇಂಥ ಬಣ್ಣ ಇರುತ್ತದೆ ಅಂತ ಊಹಿಸಿ ಬಳಿದಿದೆ. ಜೊತೆಗೆ ಅದಕ್ಕೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಆಫ್‌ಸೆಟ್ ಪ್ರೆಸ್ಸಿನ ಕ್ಯಾಮೆರಾ ಕೋಣೆಯಲ್ಲಿ ಕೆಲಸ ಮಾಡಿದವನು. ನಾವು ಬಳಸುತ್ತಿದ್ದ ಲಿತ್ ಫಿಲ್ಮ್‌ಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಅದಕ್ಕೇ ಕೋಣೆಯಲ್ಲಿ ಕೆಂಪು ದೀಪ ಹಾಕಿಕೊಂಡು ಆರಾಮಾಗಿ ತೊಳೆಯುತ್ತಿದ್ದೆವು. ಯಾರಾದರೂ ಕೆಂಪು ಪೆನ್ನಿನಲ್ಲಿ ಬರೆದ ಕಾಗದ ತಂದರೆ ಅಕ್ಷರ ಕಪ್ಪಗೆ ಬರುತ್ತಿತ್ತು. ತಿಳಿ ನೀಲಿ ಪೆನ್ಸಿಲ್ಲಿನಲ್ಲಿ ಬರೆದರೆ ಮಾಯ. ಪುಟ ಜೋಡಿಸುವವರು ಗುರುತು ಹಾಕಲು ನೀಲಿ ಪೆನ್ಸಿಲ್ ಬಳಸುತ್ತಿದ್ದದ್ದು ಇದಕ್ಕೇ.

1914ರ ಸ್ಟುಡಿಯೊಗಳ ಗಾಜಿನ ಪ್ಲೇಟಿನದೂ ಇದೇ ಕಥೆ. ಆಗಿನ ಮಾಮೂಲಿ ಪ್ಲೇಟಿಗೆ ನೇರಳೆ, ನೀಲಿ ಮಾತ್ರ ಕಾಣುತ್ತಿತ್ತು. ಆರ್ಥೊಕ್ರೊಮ್ಯಾಟಿಕ್ ಅಂತ ಇನ್ನೊಂದು ಬಗೆ. ಅದಕ್ಕೆ ಹಸಿರೂ ಕಾಣುತ್ತಿತ್ತು. ಕೆಂಪು ಎರಡಕ್ಕೂ ಇಲ್ಲ. ಎಲ್ಲ ಬಣ್ಣ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟು 1906ರಿಂದಲೇ ಮಾರಾಟಕ್ಕೆ ಇತ್ತು, ನಿಜ. ಆದರೆ ಅದನ್ನು ಪೂರ್ತಿ ಕತ್ತಲಲ್ಲಿ ತೊಳೆಯಬೇಕು. ಪೇಟೆಯ ಸ್ಟುಡಿಯೊದವನು ಆ ತಾಪತ್ರಯ ಯಾಕೆ ಮೈಮೇಲೆ ಎಳೆದುಕೊಳ್ಳುತ್ತಾನೆ?

ಈಗ ಇದನ್ನು ಸಮವಸ್ತ್ರದ ಮೇಲೆ ಹಾಕಿ ನೋಡಿ. ಕೆಂಪು ಕೋಟು ಫೋಟೊದಲ್ಲಿ ಕಪ್ಪು. ಬ್ಲ್ಯಾಕ್ ವಾಚ್‌ನವರ ಟೋಪಿಯಲ್ಲಿ ಕೆಂಪು ಗರಿ ಇರುತ್ತದೆ, ಅದೂ ಕಪ್ಪು. ನೀಲಿ ಬಿಳಿಚಿಕೊಳ್ಳುತ್ತದೆ. ಹಳದಿ ನಮ್ಮ ಕಣ್ಣಿಗೆ ಎಷ್ಟು ಹೊಳೆಯುತ್ತದೋ ಪ್ಲೇಟಿಗೆ ಅಷ್ಟು ಮಂಕು. ಗೋರ್ಡನ್ ಕಿಲ್ಟಿನ ಹಳದಿ ಗೆರೆ ಆ ಕಾಲದ ಎಷ್ಟೋ ಫೋಟೊಗಳಲ್ಲಿ ಕಡು ಬಟ್ಟೆಯೊಳಗೆ ಮುಳುಗಿಹೋಗಿರುತ್ತದೆ. ಅಂಥದ್ದನ್ನು ನೋಡಿ ಬ್ಲ್ಯಾಕ್ ವಾಚ್ ಅಂದುಬಿಡುತ್ತಾರೆ.

ಫೋಟೊ 1ರಲ್ಲಿ ಗೆರೆ ಎಷ್ಟು ಬೆಳ್ಳಗಿದೆ ನೋಡಿ. ಪಕ್ಕದ ಅಂಗಿ ಕಾಲರಿಗಿಂತ ಸ್ವಲ್ಪವೂ ಕಮ್ಮಿ ಇಲ್ಲ. ಇದು ಹಳದಿ ಆಗಿರುವುದು ಕಷ್ಟ. ಬಿಳಿ ಗೆರೆಯೇ. ಬಿಳಿ ಗೆರೆ ಅಂದರೆ ಮೆಕೆಂಝಿ. ಅದರ ಜೊತೆಗಾರ ಕೆಂಪು ಗೆರೆ ಎಲ್ಲಿ ಅಂತ ಹುಡುಕಬೇಡಿ. ಕಾಣುವುದಿಲ್ಲ, ಕಾಣಲೂಬಾರದು.

ಬಣ್ಣದ_ಬುಗುರಿ

ಅಂದ್ರೆ ಕಂಪ್ಯೂಟರಿಗಿಂತ ಕಣ್ಣೇ ವಾಸಿ ಅಂತೀರಾ? ಇರಲಿ ಬಿಡಿ. ಒಂದು ಡೌಟು. ಗೋರ್ಡನ್ ಆಗಿದ್ದು, ಬೆಳಕು ಬಿದ್ದು ಹಳದಿ ಹೊಳೆದಿರಬಾರದಾ?

ಕೆಂಪುದೀಪ_ಮೈಸೂರು

ಆಗಬಹುದು. ಪ್ಲೇಟಿನ ಬಗೆ ನಮಗೆ ಗೊತ್ತಿಲ್ಲ. ಆದ್ದರಿಂದ ಗೆರೆ ಒಂದನ್ನೇ ಹಿಡಿದು ತೀರ್ಪು ಕೊಡುವುದು ಬೇಡ. ಬೇರೆ ಗುರುತುಗಳು ಇದರ ಜೊತೆ ನಿಲ್ಲುತ್ತವಾ ಅಂತ ನೋಡೋಣ.

ಹುಬ್ಬಳ್ಳಿ_ದರ್ಜಿ

ನಮ್ಮದು ಮೂರು ತಲೆಮಾರಿನ ಹೊಲಿಗೆ ಅಂಗಡಿ ನೋಡ್ರಿ. ಕಿಲ್ಟ್ ಹೊಲಿದವನಲ್ಲ, ಆದರೆ ನೆರಿಗೆ ವಿಷಯ ಬಂದರೆ ಬಾಯಿ ಸುಮ್ಮನಿರಲ್ಲ. ಸಾಮಾನ್ಯ ಜನರ ಕಿಲ್ಟಿನಲ್ಲಿ ಹಿಂದುಗಡೆ ನೆರಿಗೆ ಹಿಡಿದ ಮೇಲೂ ಚೌಕಳಿ ಹಾಗೇ ಮುಂದುವರಿಯುವ ಹಾಗೆ ಹೊಲಿಯುತ್ತಾರೆ. ಸೈನ್ಯದ ಪದ್ಧತಿ ಬೇರೆ. ಪ್ರತಿ ನೆರಿಗೆಯ ನಡುವೆ ಒಂದೇ ಗೆರೆ ಬರಬೇಕು. ಹಾಗಾಗಿ ಮುಂದೆ ಚೌಕಳಿ, ಹಿಂದೆ ಉದ್ದುದ್ದ ಪಟ್ಟೆ. ಗೋರ್ಡನ್‌ನವರ ಕಿಲ್ಟ್ ಹಿಂದಿನಿಂದ ನೋಡಿದರೆ ಸಾಲು ಸಾಲು ಹಳದಿ.

ಫೋಟೊ 1ರಲ್ಲಿ ಮನುಷ್ಯ ಸ್ವಲ್ಪ ಓರೆಯಾಗಿ ನಿಂತಿದ್ದಾನೆ. ಎಡಗೈ ಹಿಂದೆ ಎರಡು ನೆರಿಗೆ ಕಾಣುತ್ತವೆ. ಎರಡರಲ್ಲೂ ನಡುವೆ ಗೆರೆ ಇದೆ. ಇದು ಬಾಡಿಗೆ ಬಟ್ಟೆಯೂ ಅಲ್ಲ, ಮನೆ ಬಟ್ಟೆಯೂ ಅಲ್ಲ. ಸರ್ಕಾರ ಕೊಟ್ಟ ಕಿಲ್ಟ್. ಕೋಟಿನ ಮುಂದಿನ ಅಂಚನ್ನೂ ನೋಡ್ರಿ, ಕೆಳಗೆ ದುಂಡಗೆ ಕತ್ತರಿಸಿ ಬಿಟ್ಟಿದ್ದಾರೆ. ಸೊಂಟದ ಚೀಲಕ್ಕೆ ಜಾಗ ಬೇಕಲ್ಲ. ಪ್ಯಾಂಟು ಹಾಕುವ ಪಲ್ಟನ್ನಿನ ಕೋಟು ನೇರ ಇರುತ್ತದೆ.

ಅಬರ್ಡೀನ್_ಅಕ್ಕ

ನಾನು ಇರುವ ಊರಲ್ಲೇ ಗೋರ್ಡನ್ ಹೈಲ್ಯಾಂಡರ್ಸ್ ಮ್ಯೂಸಿಯಂ ಇದೆ. ಅದಕ್ಕೆ ಈ ಎರಡು ಪಲ್ಟನ್ನಿನ ಗೊಂದಲ ನನಗೆ ಚೆನ್ನಾಗಿ ಗೊತ್ತು. ಗೋರ್ಡನ್, ಸೀಫೋರ್ತ್ ಎರಡರ ಬಿಲ್ಲೆಯಲ್ಲೂ ಗಂಡು ಜಿಂಕೆಯ ತಲೆ! ವ್ಯತ್ಯಾಸ ಏನೆಂದರೆ, ಗೋರ್ಡನ್ ಬಿಲ್ಲೆಯಲ್ಲಿ ತಲೆಯ ಕೆಳಗೆ ಕಿರೀಟ, ಸುತ್ತ ಐವಿ ಬಳ್ಳಿಯ ಹಾರ. ಸೀಫೋರ್ತ್‌ನದರಲ್ಲಿ ಹಾರ ಇಲ್ಲ. ಜಿಂಕೆ ತಲೆ, ಅಗಲವಾದ ಕೊಂಬು, ಕೆಳಗೆ ಗೇಲಿಕ್ ಭಾಷೆಯ ಬರಹ ಇರುವ ಪಟ್ಟಿ. ಬಿಲ್ಲೆ ಮಸುಕಾಗಿದ್ದರೂ ಹೊರಗಿನ ಆಕಾರ ನೋಡಿ. ಗೋರ್ಡನ್ ಬಿಲ್ಲೆ ದುಂಡಗೆ ತುಂಬಿಕೊಂಡಿರುತ್ತದೆ. ಸೀಫೋರ್ತ್‌ನದು ಮೇಲೆ ಕವಲೊಡೆದು ಬರಿದಾಗಿರುತ್ತದೆ.

ಸೊಂಟದ ಚೀಲ ಇಲ್ಲಿ ಉಪಯೋಗಕ್ಕೆ ಬರಲ್ಲ. ಇಬ್ಬರದೂ ಬಿಳಿ ಕೂದಲು, ಎರಡು ಉದ್ದ ಕಪ್ಪು ಗೊಂಡೆ. ಆದರೆ ಉಳಿದವರನ್ನು ಹೊರಗೆ ಹಾಕಲು ಸಾಕು. ಬ್ಲ್ಯಾಕ್ ವಾಚ್ ಆಗಿದ್ದರೆ ಬಿಳಿ ಮೇಲೆ ಐದು ಕಪ್ಪು ಗೊಂಡೆ. ಕ್ಯಾಮರನ್ ಆಗಿದ್ದರೆ ತಿರುಗಾಮುರುಗಾ, ಕಪ್ಪು ಕೂದಲಿನ ಮೇಲೆ ಎರಡು ಬಿಳಿ ಗೊಂಡೆ. ಟೋಪಿ ಪಟ್ಟಿಯೂ ಅದನ್ನೇ ಹೇಳುತ್ತದೆ. ಬ್ಲ್ಯಾಕ್ ವಾಚ್, ಕ್ಯಾಮರನ್ ಎರಡರ ಟೋಪಿಗೂ ಚೌಕಳಿ ಅಂಚು ಇಲ್ಲ, ಬೋಳು.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಕ್ಷಿ ಕಾಲುಚೀಲ. ಸೀಫೋರ್ತ್‌ನವರದು ಕೆಂಪು ಬಿಳಿ ಚೌಕಳಿ. ಗೋರ್ಡನ್‌ನವರದು ಕೆಂಪು ಕಪ್ಪು. ಕೆಂಪುದೀಪ ಸರ್ ಹೇಳಿದ ಲೆಕ್ಕ ಹಾಕಿ. ಕೆಂಪು ಕಪ್ಪಾದರೆ ಗೋರ್ಡನ್ ಕಾಲುಚೀಲದಲ್ಲಿ ಚೌಕಳಿಯೇ ಸರಿಯಾಗಿ ಕಾಣಬಾರದು. ಇಲ್ಲಿ ಚದುರಂಗದ ಮಣೆಯ ಹಾಗೆ ಎದ್ದು ಕಾಣುತ್ತಿದೆ.

ಕೆಂಪು ಬಿಳಿ ಕಾಲುಚೀಲ ಆರ್ಗೈಲ್‌ನವರಿಗೂ ಇತ್ತು. ಆದರೆ ಅವರ ಕಿಲ್ಟಿನಲ್ಲಿ ಬಿಳಿ ಗೆರೆ ಇಲ್ಲ, ಬಿಲ್ಲೆಯೂ ಬೇರೆ.

ಕೆಂಪುದೀಪ_ಮೈಸೂರು

ಆಹಾ ಅಕ್ಕ, ಕಾಲುಚೀಲದ ಲೆಕ್ಕ ಬಹಳ ಚೆನ್ನಾಗಿದೆ.

ದಾವಣಗೆರೆಯವರೇ, ಬಿಲ್ಲೆ ಮತ್ತು ಭುಜದ ಭಾಗವನ್ನು ಮಾತ್ರ 1200 ಡಿಪಿಐನಲ್ಲಿ ಮತ್ತೆ ಸ್ಕ್ಯಾನ್ ಮಾಡಿ. ಆಲ್ಬಮ್ಮಿಗೆ ಅಂಟಿದ್ದರೆ ಕೀಳಬೇಡಿ. ಮೊಬೈಲ್ ಟಾರ್ಚನ್ನು ಪಕ್ಕದಿಂದ, ಕಾರ್ಡಿನ ಮಟ್ಟಕ್ಕೇ ಹಿಡಿದು ಕ್ಯಾಮೆರಾದಲ್ಲಿ ಒಂದು ತೆಗೆಯಿರಿ. ಉಬ್ಬುಮುದ್ರೆ ಇದ್ದರೆ ಎದ್ದು ಬರುತ್ತದೆ. ಪೆನ್ಸಿಲ್ ಬರಹ ಒರೆಸಲು ಹೋಗಬೇಡಿ. ಶಾರ್ಪ್ ಮಾಡುವ ಬಟನ್ ಒತ್ತಬೇಡಿ, ಅದು ಇಲ್ಲದ ಅಕ್ಷರ ಹುಟ್ಟಿಸುತ್ತದೆ.

ದಾವಣಗೆರೆ_ಡಂಡೀ

ಮಾಡಿದೆ ಸರ್. ಬಿಲ್ಲೆಗೆ ಹಾರ ಇಲ್ಲ. ಕೊಂಬು ಎರಡೂ ಕಡೆ ಬಿಡಿಬಿಡಿಯಾಗಿ ಕಾಣುತ್ತವೆ, ಕೆಳಗೆ ಪಟ್ಟಿ ಇದೆ. ಭುಜದ ಮೇಲೆ ಹಿತ್ತಾಳೆ ಅಕ್ಷರ ಮೂರು ಸಾಲು. ಮೇಲೆ ಇಂಗ್ಲಿಷಿನ ಟಿ. ನಡುವೆ ಒಂದು ಅಂಕಿ, ಚರ್ಮದ ಪಟ್ಟಿ ಅಡ್ಡ ಬಂದು ಮುಚ್ಚಿದೆ. ಕೆಳಗಿನ ಸಾಲಿನ ಕೊನೆಗೆ ಟಿ, ಎಚ್ ಇರುವ ಹಾಗಿದೆ. ಬಲಗಡೆ ಜೇಬಿನ ಮೇಲೆ ಸಣ್ಣ ಲೋಹದ ಪಟ್ಟಿ ಒಂದಿದೆ, ಅದು ಏನು?

ಅಜ್ಜಿಗೆ ಇನ್ನೂ ಹೇಳಿಲ್ಲ. ಗೋಡೆ ಮೇಲೆ ಗೋರ್ಡನ್ ಟಾರ್ಟನ್ ಶಾಲು ಚೌಕಟ್ಟು ಹಾಕಿಸಿ ತೂಗಿಬಿಟ್ಟಿದ್ದಾರೆ ಮಾರಾಯ್ರೆ.

ಮಡಿಕೇರಿ_ನಿವೃತ್ತ

ಟಿ ಅಂದರೆ ಟೆರಿಟೋರಿಯಲ್. ಊರಲ್ಲಿ ತಮ್ಮ ಕೆಲಸ ಮಾಡಿಕೊಂಡು, ಬಿಡುವಿನಲ್ಲಿ ಕವಾಯತು ಮಾಡುತ್ತಿದ್ದ ಸೈನಿಕರು. ಅವರ ಮೂಲ ಕೆಲಸ ದೇಶದೊಳಗಿನ ಕಾವಲು. ಹೊರದೇಶಕ್ಕೂ ಹೋಗಲು ಸಿದ್ಧ ಅಂತ ಬರೆದುಕೊಟ್ಟವರಿಗೆ ಬಲಗಡೆ ಎದೆಗೆ ಇಂಪೀರಿಯಲ್ ಸರ್ವೀಸ್ ಅಂತ ಬರೆದ ಪಟ್ಟಿ ಕೊಡುತ್ತಿದ್ದರು. ನೀವು ಹೇಳಿದ ಲೋಹದ ಪಟ್ಟಿ ಅದೇ.

ಯುದ್ಧ ಶುರುವಾದಾಗ ಸೀಫೋರ್ತ್‌ಗೆ ಮೂರು ಟೆರಿಟೋರಿಯಲ್ ಬೆಟಾಲಿಯನ್, ಅಂದರೆ ಪಲ್ಟನ್ನಿನ ತುಕಡಿಗಳು, ಇದ್ದವು. ನಾಲ್ಕನೆಯದು ಡಿಂಗ್ವಾಲ್ ಕಡೆ, ಐದನೆಯದು ಗೋಲ್ಸ್‌ಪಿ, ಆರನೆಯದು ಎಲ್ಗಿನ್. ಐದನೆಯದನ್ನು ಈಗಲೇ ಬಿಟ್ಟುಬಿಡಬಹುದು. ಅವರು ಸೀಫೋರ್ತ್ ಹೆಸರಿನಲ್ಲಿದ್ದರೂ ಹಾಕುತ್ತಿದ್ದದ್ದು ಸದರ್ಲೆಂಡ್ ಟಾರ್ಟನ್, ಬಿಲ್ಲೆಯಲ್ಲಿ ಜಿಂಕೆ ಬದಲು ಕಾಡುಬೆಕ್ಕು. ಇಂಥ ವಿನಾಯಿತಿಗಳು ಟೆರಿಟೋರಿಯಲ್‌ಗಳಲ್ಲಿ ಬಹಳ. ಲಂಡನ್ ಸ್ಕಾಟಿಶ್‌ನವರ ಕಿಲ್ಟಿಗೆ ಚೌಕಳಿಯೇ ಇಲ್ಲ, ಬರೀ ಬೂದು ಕಂದು ಬಟ್ಟೆ. ರಾಯಲ್ ಸ್ಕಾಟ್ಸ್‌ನವರು ಪ್ಯಾಂಟು ಹಾಕುವ ಜನ, ಆದರೆ ಅವರ ಒಂಬತ್ತನೇ ಬೆಟಾಲಿಯನ್ ಮಾತ್ರ ಕಿಲ್ಟ್.

ಉಳಿದದ್ದು ನಾಲ್ಕು ಮತ್ತು ಆರು. ಬೆಡ್‌ಫರ್ಡ್ ಮುದ್ರೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಬೆಡ್‌ಫರ್ಡ್ ಇರುವುದು ಇಂಗ್ಲೆಂಡಿನಲ್ಲಿ. 1914ರ ಆಗಸ್ಟಿನಲ್ಲಿ ಇಂಥ ಹಲವು ಬೆಟಾಲಿಯನ್ ಸೇರಿದ ಹೈಲ್ಯಾಂಡ್ ಡಿವಿಜನ್ ಇಡಿಯಾಗಿ ಬಂದು ಇಳಿದದ್ದು ಅಲ್ಲಿ. 1915ರ ಮೇ ತನಕ ಅಲ್ಲೇ ತರಬೇತಿ. ಊರ ತುಂಬ ಕಿಲ್ಟ್. ಸ್ಟುಡಿಯೊದವರಿಗೆ ಸುಗ್ಗಿ. ಆ ಚಳಿಗಾಲದಲ್ಲಿ ಅಲ್ಲೇ ದಡಾರ ಹಬ್ಬಿ ಎಷ್ಟೋ ಹೈಲ್ಯಾಂಡ್ ಹುಡುಗರು ಯುದ್ಧ ನೋಡುವ ಮೊದಲೇ ಸತ್ತರು. ದೂರದ ಹಳ್ಳಿಗಳಿಂದ ಬಂದವರಿಗೆ ಆ ರೋಗ ತಡೆಯುವ ಶಕ್ತಿ ಇರಲಿಲ್ಲ.

ಹಾಗಾಗಿ ಫೋಟೊ 1ರ ಕಾಲ ಸುಮಾರಾಗಿ ಸಿಕ್ಕಿತು. ಇನ್ನು ನಾಲ್ಕಾ, ಆರಾ ಅನ್ನುವುದು ಫೋಟೊ 2ರಲ್ಲಿ ಇದೆ ಅಂತ ನನ್ನ ಅನುಮಾನ.

ದಾವಣಗೆರೆ_ಡಂಡೀ

ಅಜ್ಜಿಯ ತಾಯಿ ಮನೆಯವರು ಎಲ್ಗಿನ್ ಕಡೆಯವರಂತೆ. ಹಾಗಾದರೆ ಆರನೇ ಬೆಟಾಲಿಯನ್ ಅಲ್ವಾ?

ಮಡಿಕೇರಿ_ನಿವೃತ್ತ

ಮೊದಲ ನೋಟಕ್ಕೆ ಹಾಗೇ ಅನ್ನಿಸುತ್ತದೆ. ಆದರೆ ಫೋಟೊ 2 ಬೇರೆ ಮಾತು ಹೇಳುತ್ತಿದೆ.

ಅದರಲ್ಲಿ ಟಾರ್ಟನ್ ಹುಡುಕಿ ಪ್ರಯೋಜನ ಇಲ್ಲ. ಕಿಲ್ಟಿನ ಮೇಲೆ ಖಾಕಿ ಬಟ್ಟೆ ಸುತ್ತಿದ್ದಾರೆ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಕಡು ಬಣ್ಣದ ಕಿಲ್ಟ್ ದೂರದಿಂದಲೇ ಕಾಣುತ್ತದೆ ಅಂತ ಈ ಹೊದಿಕೆ ಬಂತು. ಆಗ ಮುಂಭಾಗಕ್ಕೆ ಮಾತ್ರ ಇತ್ತು. ಮಹಾಯುದ್ಧದ ಹೊತ್ತಿಗೆ ಸುತ್ತಲೂ ಬಂತು.

ಪಕ್ಕದಲ್ಲಿರುವ ಸೈನಿಕನ ಟೋಪಿ, ಸೊಂಟದ ಖುಕ್ರಿ (ಬಾಗಿದ ಕತ್ತಿ) ನೋಡಿದರೆ ಗೂರ್ಖಾ ಅನ್ನಿಸುತ್ತದೆ. ಆದರೆ ಗಡ್ವಾಲ್ ರೈಫಲ್ಸ್‌ನವರೂ ಇದೇ ತರದ ಟೋಪಿ ಹಾಕುತ್ತಿದ್ದರು, ಅವಸರ ಬೇಡ. ಯಾರೇ ಆಗಲಿ, ಭಾರತದ ದಂಡಿನವರು. ಫ್ರಾನ್ಸಿಗೆ 1914ರ ಶರತ್ಕಾಲದಲ್ಲಿ ಲಾಹೋರ್, ಮೀರತ್ ಅಂತ ಎರಡು ಕಾಲಾಳು ಡಿವಿಜನ್ ಬಂದವು. 1915 ಮುಗಿಯುವ ಹೊತ್ತಿಗೆ ಹೊರಟುಹೋದವು. ಅಂದರೆ ಫೋಟೊ 2 ತೆಗೆದದ್ದು ಆ ಅವಧಿಯೊಳಗೆ.

ಮೀರತ್ ಡಿವಿಜನ್ನಿನಲ್ಲಿ ಡೆಹ್ರಾಡೂನ್ ಬ್ರಿಗೇಡ್ ಅಂತ ಒಂದು ಭಾಗ ಇತ್ತು. ಅದರಲ್ಲಿ ಜಾಟರು, ಎರಡು ಗೂರ್ಖಾ ಬೆಟಾಲಿಯನ್, ಜೊತೆಗೆ ಸೀಫೋರ್ತ್‌ನ ಒಂದನೇ ಬೆಟಾಲಿಯನ್. ಬ್ರಿಟಿಷ್ ಇಂಡಿಯಾದ ಪ್ರತಿ ಬ್ರಿಗೇಡಿನಲ್ಲೂ ಒಂದು ಬಿಳಿಯರ ಬೆಟಾಲಿಯನ್ ಇಡುವ ಪದ್ಧತಿ. 1914ರ ಡಿಸೆಂಬರಿನಲ್ಲಿ ಇದೇ ಬ್ರಿಗೇಡಿಗೆ ಬಂದು ಸೇರಿದ ಟೆರಿಟೋರಿಯಲ್ ಯಾರು ಗೊತ್ತಾ? ನಾಲ್ಕನೇ ಸೀಫೋರ್ತ್. ಅವರು ಡಿವಿಜನ್ನಿಗಾಗಿ ಕಾಯದೆ ನವೆಂಬರ್ ಆರಂಭದಲ್ಲೇ ಬೆಡ್‌ಫರ್ಡ್ ಬಿಟ್ಟು ಫ್ರಾನ್ಸಿಗೆ ಹೋಗಿದ್ದರು. 1915ರ ಮಾರ್ಚಿನ ನವ್ ಶಾಪೆಲ್ ಕಾಳಗದಲ್ಲಿ ಭಾರತೀಯರ ಜೊತೆ ಇದ್ದರು. ಆರನೇ ಬೆಟಾಲಿಯನ್ ಬಂದದ್ದು 1915ರ ಮೇನಲ್ಲಿ, ಹೈಲ್ಯಾಂಡ್ ಡಿವಿಜನ್ ಜೊತೆ.

ಅಬರ್ಡೀನ್_ಅಕ್ಕ

ಅಂಕಲ್, ಒಂದು ಅಡ್ಡ ಪ್ರಶ್ನೆ. ಪಕ್ಕಪಕ್ಕದ ಡಿವಿಜನ್ನಿನವರು ರಸ್ತೆಯಲ್ಲಿ ಸಿಕ್ಕಾಗ ಒಟ್ಟಿಗೆ ನಿಂತು ತೆಗೆಸಿಕೊಂಡಿರಬಹುದು ಅಲ್ವಾ? ಆ ಕಾಲದ ಭಾರತೀಯ ಸೈನಿಕರ ಫೋಟೊಗಳಲ್ಲಿ ಸುಮಾರು ಪ್ರಚಾರಕ್ಕೆ ಅಂತ ನಿಲ್ಲಿಸಿ ತೆಗೆದವು. 1915ರಲ್ಲಿ ಗಿರ್ಡ್‌ವುಡ್ ಅನ್ನುವ ಫೋಟೊಗ್ರಾಫರ್ ತೆಗೆದವುಗಳಲ್ಲೂ ಅಂಥವು ಇವೆ.

ಮಡಿಕೇರಿ_ನಿವೃತ್ತ

ಖಂಡಿತ ಆಗಬಹುದಮ್ಮ. ಅದಕ್ಕೆ ಫೋಟೊ 2 ಒಂದರಿಂದಲೇ ಹೇಳಲಾರೆ. ಫೋಟೊ 3ರ ತೋಳುಗಳನ್ನು ದೊಡ್ಡದು ಮಾಡಿ ಹಾಕಲಿ.

ದಾವಣಗೆರೆ_ಡಂಡೀ

ಹಾಕಿದ್ದೇನೆ. ಎಡತೋಳಿನ ಕೆಳಗೆ ನಿಂತ ಹಾಗೆ ಒಂದು ಸಣ್ಣ ಕಡ್ಡಿ, ಹೊಳೆಯುತ್ತದೆ. ಬಲತೋಳಿನ ಕೆಳಗೆ ತುದಿ ಮೇಲಾಗಿರುವ ನಾಲ್ಕು ಸಣ್ಣ ಪಟ್ಟಿ. ಮೇಲಿನ ಮೂರು ತಿಳಿ, ಕೆಳಗಿನದು ಮಾತ್ರ ಕಪ್ಪು. ಕೊಳೆಯಾ ಅಂತ ನೋಡಿದೆ, ಅಲ್ಲ.

ಕೆಂಪುದೀಪ_ಮೈಸೂರು

ಕೊಳೆ ಅಲ್ಲ ಸ್ವಾಮಿ! ಅದು ಕೆಂಪು!

ಮಡಿಕೇರಿ_ನಿವೃತ್ತ

ಕೆಂಪುದೀಪದವರು ನನ್ನ ಬಾಯಿಂದ ಕಿತ್ತುಕೊಂಡರು.

ಎಡಗಡೆಯ ಹಿತ್ತಾಳೆ ಕಡ್ಡಿ ಗಾಯದ ಗುರುತು. 1916ರಲ್ಲಿ ಶುರುವಾಯಿತು. ಒಂದು ಕಡ್ಡಿ ಅಂದರೆ ಒಮ್ಮೆ ಗಾಯಗೊಂಡಿದ್ದಾರೆ. ಬಲಗಡೆಯವು ಹೊರದೇಶದ ಸೇವೆಯ ಪಟ್ಟಿಗಳು. ಇವು ಬಂದದ್ದು 1918ರ ಜನವರಿಯಲ್ಲಿ, ಆದ್ದರಿಂದ ಫೋಟೊ 3 ಅದಕ್ಕಿಂತ ಹಿಂದಿನದಲ್ಲ. ಹೊರದೇಶದಲ್ಲಿ ಕಳೆದ ಒಂದೊಂದು ವರ್ಷಕ್ಕೆ ಒಂದೊಂದು ನೀಲಿ ಪಟ್ಟಿ. 1914ರ ಡಿಸೆಂಬರ್ 31ರೊಳಗೆ ಹೊರಟವರಿಗೆ ಮಾತ್ರ ಮೊದಲ ಪಟ್ಟಿ ಕೆಂಪು, ಎಲ್ಲಕ್ಕಿಂತ ಕೆಳಗೆ.

ಹಳೇ ಪ್ಲೇಟಿನಲ್ಲಿ ನೀಲಿ ತಿಳಿಯಾಗಿ, ಕೆಂಪು ಕಪ್ಪಾಗಿ ಬರಬೇಕು. ಬಂದಿದೆ. ಈ ಮನುಷ್ಯ 1914 ಮುಗಿಯುವ ಮೊದಲೇ ಫ್ರಾನ್ಸಿನಲ್ಲಿದ್ದ. ಆರನೇ ಬೆಟಾಲಿಯನ್ನಿನ ಜೊತೆ ಹೋಗಿದ್ದರೆ ಬರೀ ನೀಲಿ ಇರಬೇಕಿತ್ತು. ಟೆರಿಟೋರಿಯಲ್, ಮೆಕೆಂಝಿ ಕಿಲ್ಟ್, ಬೆಡ್‌ಫರ್ಡ್, ಭಾರತೀಯರ ಜೊತೆ, ಕೆಂಪು ಪಟ್ಟಿ. ನಾಲ್ಕನೇ ಸೀಫೋರ್ತ್ ಅಂತ ನಾನು ಹೇಳುತ್ತೇನೆ. ಎಲ್ಗಿನ್ ಮನೆತನದವರು ಡಿಂಗ್ವಾಲ್ ಕಡೆ ಕೆಲಸಕ್ಕೆ ಹೋಗಿ ಅಲ್ಲೇ ಸೇರಿರಬಹುದು. ಫೋಟೊ ನೋಡಿ ಅದನ್ನು ಹೇಳಲು ಆಗಲ್ಲ.

ಬಣ್ಣದ_ಬುಗುರಿ

ಆ್ಯಪ್ ಆ ಕಪ್ಪು ಪಟ್ಟಿಯನ್ನು ಕಂದು ಮಾಡಿದೆ, ತಿಳಿ ಪಟ್ಟಿಗಳನ್ನು ಬಿಳಿ ಮಾಡಿದೆ. 😐

ಬಸವನಗುಡಿ_ಮೊಮ್ಮಗಳು

ನಮಸ್ತೆ, ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಮುತ್ತಾತನ ಫೋಟೊ ಒಂದಿದೆ. ಖಾಕಿ ಬಟ್ಟೆ, ತಲೆಗೆ ಎತ್ತರದ, ಮಡಿಕೆ ಮಡಿಕೆಯಾದ ವಿಚಿತ್ರ ಟೋಪಿ. ಪೇಟವೂ ಅಲ್ಲ, ಹ್ಯಾಟೂ ಅಲ್ಲ. ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರು, ಹೈಫಾ ಗೆದ್ದರು ಅಂತ ಮನೆಯಲ್ಲಿ ಹೇಳುತ್ತಾರೆ. ನಿಜವಾ?

ಮಡಿಕೇರಿ_ನಿವೃತ್ತ

ನಿಮ್ಮ ವರ್ಣನೆ ಕೇಳಿದರೆ ಲ್ಯಾನ್ಸರ್ಸ್ ಅಲ್ಲಮ್ಮ, ಮದ್ರಾಸ್ ಸ್ಯಾಪರ್ಸ್, ಅಂದರೆ ಸೈನ್ಯದ ಎಂಜಿನಿಯರ್ ದಳ. ಆ ಟೋಪಿಗೆ ದೂಪಟ್ಟಾ ಅನ್ನುತ್ತಿದ್ದರು. ಭಾರತದ ಸೈನ್ಯದಲ್ಲಿ ಇನ್ಯಾರಿಗೂ ಅಂಥದ್ದಿಲ್ಲ. ಹೈಲ್ಯಾಂಡರ್‌ಗಳಿಗೆ ಚೌಕಳಿ ಎಣಿಸುತ್ತಾ ಕೂರಬೇಕು, ಇದನ್ನು ಟೋಪಿ ನೋಡಿಯೇ ಹೇಳಬಹುದು. ಅವರ ನೆಲೆ ಬೆಂಗಳೂರೇ. ಮುಳ್ಳುತಂತಿ ಸಿಡಿಸುವ ಬೆಂಗಳೂರು ಟಾರ್ಪಿಡೊವನ್ನು 1912ರಲ್ಲಿ ಮಾಡಿದ್ದು ಅವರ ಒಬ್ಬ ಅಧಿಕಾರಿ. ಮೊದಲ ಮಹಾಯುದ್ಧದಲ್ಲಿ ಇವರು ಮೆಸೊಪೊಟೇಮಿಯಾದಲ್ಲಿ ಇದ್ದರು, ಅಂದರೆ ಇವತ್ತಿನ ಇರಾಕ್.

ಹೈಫಾ (ಇವತ್ತಿನ ಇಸ್ರೇಲಿನ ಊರು) ಗೆದ್ದದ್ದು 1918ರ ಸೆಪ್ಟೆಂಬರ್ 23. ಅಲ್ಲಿ ಇದ್ದದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್. ಅವರು ಕುದುರೆ ದಳ. ಫೋಟೊದಲ್ಲಿ ಮೊದಲು ಕಾಲು ನೋಡಿ. ಸವಾರರಾದರೆ ಬೂಟಿಗೆ ಮುಳ್ಳುಗಾಲಿ, ಎದೆಗೆ ಅಡ್ಡ ಚರ್ಮದ ಗುಂಡುಪಟ್ಟಿ ಇರುವ ಸಾಧ್ಯತೆ ಹೆಚ್ಚು.

ನಿರ್ವಾಹಕರು

ಮುತ್ತಾತನ ಫೋಟೊಗೆ ಬೇರೆ ಎಳೆ ತೆರೆದಿದ್ದೇನೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಫೋಟೊ ಹಾಕುವಾಗ ಹಿಂಬದಿಯನ್ನೂ ಹಾಕಿ.

ಅಬರ್ಡೀನ್_ಅಕ್ಕ

ಫೋಟೊ 4ರ ಹುಡುಗಿ ಬಗ್ಗೆ ಯಾರೂ ಮಾತಾಡಲೇ ಇಲ್ಲ! ಅವಳು ಸೈನಿಕಳಲ್ಲ. ಬ್ರಿಟನ್ನಿನಲ್ಲಿ ಹೆಂಗಸರ ಸೈನ್ಯದ ದಳ ಶುರುವಾದದ್ದೇ 1917ರಲ್ಲಿ, ಅವರಿಗೆ ಕಿಲ್ಟ್ ಇರಲಿಲ್ಲ. ಕೋಟಿನ ತೋಳು ಬೆರಳವರೆಗೆ ಬಂದಿದೆ ನೋಡಿ. ರಜೆಗೆ ಬಂದವನ ಸಮವಸ್ತ್ರ ಹಾಕಿಕೊಂಡು ತಂಗಿಯೋ ಪ್ರೇಯಸಿಯೋ ಫೋಟೊ ತೆಗೆಸಿಕೊಳ್ಳುವುದು ಆಗ ಒಂದು ಖುಷಿ. ಈ ತರದ್ದು ಬಹಳ ಇವೆ.

ದಾವಣಗೆರೆ_ಡಂಡೀ

ಅಜ್ಜಿಗೆ ಎಲ್ಲ ಹೇಳಿದೆ. ಮೊದಲು ಒಪ್ಪಲೇ ಇಲ್ಲ. ಆಮೇಲೆ ಕಾಲುಚೀಲದ ವಿಷಯ ಹೇಳಿದಾಗ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಹಾಗಾದರೆ ಈ ಶಾಲು ಯಾರದು?" ಅಂತ ಕೇಳಿದರು.

ಅಬರ್ಡೀನ್_ಅಕ್ಕ

ಶಾಲು ಅವರ ಕುಲದ್ದು, ಅಜ್ಜನ ಪಲ್ಟನ್ನಿನದ್ದಲ್ಲ ಅಷ್ಟೇ. ತೆಗೆಯುವುದು ಬೇಡ ಅಂತ ಹೇಳಿ. ಪಕ್ಕದಲ್ಲಿ ಫೋಟೊ 1 ತೂಗಿಸಿ.

ಮಡಿಕೇರಿ_ನಿವೃತ್ತ

ಇನ್ನು ಕಾಗದದ ಕಡೆ ಹೋಗಿ. ಮೊದಲ ಮಹಾಯುದ್ಧದ ಸೈನಿಕರ ಸೇವಾ ದಾಖಲೆಗಳಲ್ಲಿ ಶೇಕಡ 60ರಷ್ಟು 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬಿಗೆ ಲಂಡನ್ನಿನ ಗೋದಾಮಿನಲ್ಲೇ ಸುಟ್ಟುಹೋದವು. ಆದರೆ ಪದಕಗಳ ಕಾರ್ಡುಗಳು ಬಹುಪಾಲು ಉಳಿದಿವೆ, ಅವುಗಳ ಪ್ರತಿ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿದೆ. ಅಜ್ಜನ ಹೆಸರಿನ ಕಾರ್ಡಿನಲ್ಲಿ 1914 ಸ್ಟಾರ್ ಅನ್ನುವ ಪದಕ ಇದೆಯಾ ನೋಡಿ. 1914ರ ನವೆಂಬರ್ 22ರೊಳಗೆ ಫ್ರಾನ್ಸ್ ಅಥವಾ ಬೆಲ್ಜಿಯಂನಲ್ಲಿ ಸೇವೆ ಮಾಡಿದವರಿಗೆ ಮಾತ್ರ ಅದು. 1914–15 ಸ್ಟಾರ್ ಬೇರೆ, ಅದರ ಜೊತೆ ಕಲಸಬೇಡಿ. ನಾಲ್ಕನೇ ಸೀಫೋರ್ತ್ ಜೊತೆಗೇ ಹೋಗಿದ್ದರೆ ಮೊದಲನೆಯದು ಇರಬೇಕು. ಆಮೇಲೆ ಇನ್ವರ್ನೆಸ್ ಹತ್ತಿರದ ಫೋರ್ಟ್ ಜಾರ್ಜ್ ಮ್ಯೂಸಿಯಂಗೆ ಬರೆಯಿರಿ, ಸೀಫೋರ್ತ್ ಸಂಗ್ರಹ ಅಲ್ಲಿದೆ.

ದಾವಣಗೆರೆ_ಡಂಡೀ

ಖಂಡಿತ ಬರೆಯುತ್ತೇನೆ ಸರ್. ಅಜ್ಜಿ ಈಗ ಇನ್ನೊಂದು ಲಕೋಟೆ ತಂದುಕೊಟ್ಟಿದ್ದಾರೆ. ಅವರ ಚಿಕ್ಕಪ್ಪ, ಎರಡನೇ ಮಹಾಯುದ್ಧ. ಗುಂಪು ಫೋಟೊ, ಹಿಂದೆ ಜರ್ಮನ್ ಭಾಷೆಯ ಮುದ್ರೆ. ಕಿಲ್ಟ್ ಯಾರಿಗೂ ಇಲ್ಲ. ಕೆಲವರ ಟೋಪಿ ಬಿಲ್ಲೆಯ ಹಿಂದೆ ಚೌಕಳಿ ತುಂಡು ಕಾಣುತ್ತದೆ.

ಮಡಿಕೇರಿ_ನಿವೃತ್ತ

ಯುದ್ಧಕೈದಿಗಳ ಫೋಟೊ ಇರಬೇಕು. ಮುದ್ರೆಯಲ್ಲಿ ಸ್ಟಾಲಾಗ್ (ಜರ್ಮನರ ಯುದ್ಧಕೈದಿ ಶಿಬಿರ) ಅಂತ ಇದ್ದರೆ ಪಕ್ಕದ ರೋಮನ್ ಅಂಕಿ, ಅಕ್ಷರ ಬರೆದು ಕಳಿಸಿ, ಶಿಬಿರ ಯಾವುದು ಅಂತ ಗೊತ್ತಾಗುತ್ತದೆ. 1940ರ ಜೂನ್ 12ರಂದು ಫ್ರಾನ್ಸಿನ ಸೇಂಟ್ ವಾಲರಿಯಲ್ಲಿ 51ನೇ ಹೈಲ್ಯಾಂಡ್ ಡಿವಿಜನ್ ಶರಣಾಯಿತು. ಆಗ ಸೆರೆಸಿಕ್ಕವರಲ್ಲಿ ಸೀಫೋರ್ತ್, ಗೋರ್ಡನ್, ಕ್ಯಾಮರನ್ ಎಲ್ಲರೂ ಇದ್ದರು. ಅಷ್ಟು ಹೊತ್ತಿಗೆ ಯುದ್ಧಕ್ಕೆ ಕಿಲ್ಟ್ ಬೇಡ ಅಂತ ಆದೇಶ ಬಂದಾಗಿತ್ತು. ಆ ಚೌಕಳಿ ತುಂಡೇ ಪಲ್ಟನ್ನಿನ ಗುರುತು.

ಕೆಂಪುದೀಪ_ಮೈಸೂರು

ಒಂದು ಎಚ್ಚರಿಕೆ. 1940ರ ಹೊತ್ತಿಗೆ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಎಲ್ಲ ಕಡೆ ಬಂದಿತ್ತು. ಮೇಲೆ ನಾನು ಹೇಳಿದ ಲೆಕ್ಕವನ್ನು ಇದಕ್ಕೆ ಹಾಗೇ ಹಾಕಬೇಡಿ. ಇಲ್ಲಿ ಹಳದಿ ಗೆರೆಯೂ ಬೆಳ್ಳಗೆ ಬರುತ್ತದೆ. ಚೌಕಳಿ ತುಂಡಿನಲ್ಲಿ ತಿಳಿ ಗೆರೆ ಕಂಡರೆ ಗೋರ್ಡನ್ನೂ ಆಗಬಹುದು, ಸೀಫೋರ್ತೂ ಆಗಬಹುದು. ಬಿಲ್ಲೆಗೆ ಹಾರ ಇದೆಯಾ ಇಲ್ಲವಾ, ಅದನ್ನು ಮೊದಲು ಸ್ಕ್ಯಾನ್ ಮಾಡಿ ಹಾಕಿ.